ಮುಳುಗಿದ ಬ್ಲೇಡು

ಕೆಮಿಸ್ಟ್ರಿ ಮೇಷ್ಟ್ರು ಹೋಗಿಬಿಟ್ಟರು ಅಂತ ಸುದ್ದಿ ಬಂದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ನೀರಿನ ತಳ ಸೇರಿದ ಒಂದು ಶೇವಿಂಗ್ ಬ್ಲೇಡು. ಅವರ ಮುಖ ಆಮೇಲೆ ಬಂತು.

ಗಾಜಿನ ತೊಟ್ಟಿಯ ನೀರಿನ ಮೇಲೆ ಬ್ಲೇಡನ್ನು ಮೆಲ್ಲಗೆ ಮಲಗಿಸಿ ತೇಲಿಸುವುದು, ಆಮೇಲೆ ಒಂದೇ ಹನಿ ಸೋಪಿನ ನೀರು ಬಿಟ್ಟು ಮುಳುಗಿಸುವುದು, ಇದು ಪ್ರತಿ ವರ್ಷ ಅವರು ಮಾಡುತ್ತಿದ್ದ ಜಾದೂ. ಸೀನಿಯರ್‌ಗಳು ಹೇಳಿದ್ದರಿಂದ ನಮಗೆ ಮೊದಲೇ ಗೊತ್ತಿತ್ತು. ಇಂಟರ್‌ವಲ್‌ನಲ್ಲಿ ನಾವು ಮೂವರು ಸೇರಿ ಕೈ ತೊಳೆಯುವ ಸೋಪನ್ನೇ ಆ ನೀರಲ್ಲಿ ತಿಕ್ಕಿ, ನೊರೆ ತೆಗೆದು, ಸುಮ್ನೆ ಬಂದು ಕೂತೆವು. ನೀರು ಮಬ್ಬಾಗಿತ್ತು. ಮೇಷ್ಟ್ರ ಕನ್ನಡಕವೂ ಮಬ್ಬೇ ಅಲ್ವಾ, ಅನ್ನೋ ಧೈರ್ಯ.

ಬ್ಲೇಡು ಮುಳುಗಿತು. ಒರೆಸಿ ಮತ್ತೆ ಬಿಟ್ಟರು, ಮತ್ತೆ ಮುಳುಗಿತು. ಮೂರನೇ ಸಲ ಅವರು ನೀರಿಗೆ ಬೆರಳದ್ದಿ, ಹೆಬ್ಬೆರಳಿಗೆ ಉಜ್ಜಿ ಮೂಸಿದರು. "ಯಾರೋ ನನ್ನ ಪಾಠವನ್ನ ನನಗಿಂತ ಮುಂಚೆ ಮಾಡಿ ಮುಗಿಸಿದ್ದಾರೆ. ಬಂದು ವಿವರಿಸಲಿ" ಅಂದರು. ಯಾರೂ ಏಳಲಿಲ್ಲ.

ಇಡೀ ಕ್ಲಾಸಿಗೆ ಲ್ಯಾಬಿನ ಗಾಜೆಲ್ಲ ತೊಳೆಯುವ ಶಿಕ್ಷೆ. ತೊಳೆಯುವಾಗ ಹಿಂದೆ ನಿಂತು ಆಗ್ನೆಸ್ ಪಾಕೆಲ್ಸ್ ಕತೆ ಹೇಳಿದರು. ಹೆಣ್ಣುಮಕ್ಕಳಿಗೆ ಯೂನಿವರ್ಸಿಟಿ ಬಾಗಿಲು ಮುಚ್ಚಿದ್ದ ಕಾಲದ ಜರ್ಮನಿಯವಳು. ಮನೆಯಲ್ಲೇ ತಗಡಿನ ತೊಟ್ಟಿಯಿಟ್ಟುಕೊಂಡು ನೀರಿನ ಮೇಲ್ಮೈ ಎಳೆತ ಅಳೆದಳು, ಬ್ಲೇಡನ್ನು ತೇಲಿಸುವ, ಸೋಪು ತಗ್ಗಿಸಿಬಿಡುವ ಅದೇ ಬಿಗಿತ. 1891ರಲ್ಲಿ ವಿಜ್ಞಾನಿ ರೇಲಿಗೆ ಕಾಗದ ಬರೆದಳು, ಅವರು ಅದನ್ನು 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. "ತೊಳೀರಿ ತೊಳೀರಿ. ಏನಾದ್ರೂ ಹೊಳೆದ್ರೆ ನನಗೂ ಒಂದು ಕಾಗದ ಬರೀರಿ!"

ಮರುದಿನ ಟಿ ಆಕಾರದ ಕೊಳವೆಯ ಎರಡು ತುದಿಗೆ ಎರಡು ಸೋಪಿನ ಗುಳ್ಳೆ ಊದಿದರು. ಒಂದು ದೊಡ್ಡದು, ಒಂದು ಚಿಕ್ಕದು. ನಡುವಿನ ತಿರುಪು ಬಿಟ್ಟರೆ ಎರಡೂ ಸಮ ಆಗುತ್ತವೆ ಅಂದುಕೊಂಡಿದ್ದೆವು. ಚಿಕ್ಕದೇ ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಕೊಟ್ಟು ಮಾಯವಾಯಿತು! ಗುಳ್ಳೆ ಚಿಕ್ಕದಾದಷ್ಟೂ ಒಳಗಿನ ಒತ್ತಡ ಜಾಸ್ತಿಯಂತೆ. "ನಿಮ್ಮ ಎದೆಯೊಳಗೆ ಇಂಥ ಗಾಳಿಚೀಲ ಕೋಟಿಗಟ್ಟಲೆ ಇವೆ ಕಣ್ರೋ. ಚಿಕ್ಕವು ಯಾಕೆ ಹೀಗೆ ಮುದುಡಿಹೋಗಲ್ಲ?" ಬೆಲ್ ಹೊಡೆಯಿತು. ಉತ್ತರ ಹೇಳದೆ ಹೋದರು. ಆ ವರ್ಷ ಇನ್ನೇನು ಕಲಿತೆನೋ, ದೇವರಿಗೇ ಗೊತ್ತು.

ಉತ್ತರ ಸಿಕ್ಕಿದ್ದು ನನ್ನ ಮಗಳು ಮೂವತ್ತನೇ ವಾರಕ್ಕೇ ಹುಟ್ಟಿದ ರಾತ್ರಿ. ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯುತ್ತಿತ್ತು. ಡಾಕ್ಟರು "ಸರ್ಫ್ಯಾಕ್ಟೆಂಟ್ ಕೊಡಬೇಕು" ಅಂದರು. ಪುಟ್ಟ ಬಾಟಲಿ, ಹಾಲಿನಂಥ ದ್ರವ, ಕೊಳವೆಯಿಂದ ನೇರ ಶ್ವಾಸಕೋಶಕ್ಕೆ. ಹೆದರಿ ಕೂತಿದ್ದ ಹೆಂಡತಿಗೆ ನಾನೇ ವಿವರಿಸಿದೆ. ಸೋಪಿನ ಥರದ್ದೇ ಅಣು, ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಗಾಳಿಚೀಲದ ಒಳಗೋಡೆಯ ತೇವದ ಮೇಲೆ ಹರಡಿಕೊಳ್ಳುತ್ತದೆ. ಚೀಲ ಕುಗ್ಗಿದಷ್ಟೂ ಅಣುಗಳು ಒತ್ತೊತ್ತಾಗುತ್ತವೆ, ಎಳೆತ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಚೀಲ ಮುಚ್ಚಿಹೋಗಲ್ಲ. ಬೇಗ ಹುಟ್ಟಿದ ಮಗುವಿನಲ್ಲಿ ಅದು ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಡಾಕ್ಟರು ತಿರುಗಿ "ನೀವೂ ಮೆಡಿಕಲ್ಲಾ?" ಅಂದರು. ಅಂಥ ಹೊತ್ತಿನಲ್ಲೂ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಈ ಕೊರತೆಯೇ ಬೇಗ ಹುಟ್ಟಿದ ಮಕ್ಕಳ ಉಸಿರಾಟದ ಕಾಯಿಲೆಯ ಮೂಲ ಅಂತ ಅಮೆರಿಕದ ಮಕ್ಕಳ ಡಾಕ್ಟರು ಮೇರಿ ಎಲೆನ್ ಏವರಿ ತೋರಿಸಿದ್ದು 1959ರಲ್ಲಿ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗುವೇ ಎರಡು ದಿನ ತುಂಬುವ ಮೊದಲು ಹೋಯಿತು. ಆಗ ಈ ಬಾಟಲಿ ಇರಲಿಲ್ಲ.

ಆ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಮೇಲ್ಮೈ ಎಳೆತದ ಪ್ರಶ್ನೆಗೆ ನಾಲ್ಕು ಆಯ್ಕೆಯಲ್ಲಿ ಸರಿಯಾದದ್ದಕ್ಕೆ ನಿಮಿಷದೊಳಗೆ ಟಿಕ್ ಹಾಕುತ್ತಾಳೆ. ಬ್ಲೇಡು ತೇಲಿಸಿ ನೋಡಿದ್ದೀಯಾ ಅಂದರೆ, "ವಿಡಿಯೋ ಇದೆಯಲ್ಲಪ್ಪಾ" ಅನ್ನುತ್ತಾಳೆ. ಸೋಪು ಹಾಕಿ ಕೆಡಿಸಲು ಅವಳಿಗೆ ಒಂದು ತೊಟ್ಟಿಯೂ ಇಲ್ಲ, ಪಾಪ.

ಹೋದ ವರ್ಷ ಬ್ಯಾಚಿನವರೆಲ್ಲ ಸೇರಿದಾಗ ಮೇಷ್ಟ್ರೂ ಬಂದಿದ್ದರು. ಕುರ್ಚಿಯ ಪಕ್ಕ ಕೂತು ತಪ್ಪೊಪ್ಪಿಕೊಂಡೆ. "ಸರ್, ಅವತ್ತು ತೊಟ್ಟಿಗೆ ಸೋಪು ಹಾಕಿದ್ದು ನಾನು."

"ಗೊತ್ತಿತ್ತು ಕಣೋ" ಅಂದರು. "ಆದ್ರೆ ಎಷ್ಟು ದಂಡ ಮಾಡಿದ್ಯೋ! ಒಂದು ಹನಿ ಸಾಕಾಗಿತ್ತು."