ಒಂದೆಕರೆ ತೋಟದ ಮನೆಗೆ ಎಷ್ಟು ದನ ಬೇಕು?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಪೇಟೆಯ ಕೆಲಸ ಬಿಟ್ಟು ತೋಟಕ್ಕೆ ಮರಳುವವರು ಈಗ ಹೆಚ್ಚಾಗಿದ್ದಾರೆ. ಅವರೆಲ್ಲ ತಪ್ಪದೆ ಕೇಳುವ ಮಾತು ಇದು: "ಒಂದೆಕರೆ ಅಡಿಕೆ ತೋಟ ಇದೆ, ಮನೆಯಲ್ಲಿ ನಾಲ್ಕೈದು ಮಂದಿ ಇದ್ದೇವೆ. ಎಷ್ಟು ದನ ಕಟ್ಟಬಹುದು? ಮಾಡಿ ಪೂರೈಸುತ್ತದಾ?"

ನನ್ನ ಉತ್ತರ: ಎರಡು ಊರ ದನ, ಎಂದರೆ ಕಾಸರಗೋಡು ಗಿಡ್ಡ ತಳಿಯವು, ಅವುಗಳ ಕರುಗಳು. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಈ ಲೆಕ್ಕ ಹಾಲಿನಿಂದ ಹುಟ್ಟಿದ್ದಲ್ಲ. ತೋಟಕ್ಕೆ ಬೇಕಾದ ಗೊಬ್ಬರ, ಹಟ್ಟಿಗೆ (ದನದ ಕೊಟ್ಟಿಗೆಗೆ) ಸಿಗುವ ಸೊಪ್ಪು, ಮನೆಯವರ ಕೈಗೆ ಸಿಗುವ ಹೊತ್ತು, ಈ ಮೂರನ್ನೂ ಇಟ್ಟು ನೋಡಿದರೆ ಬರುವ ಸಂಖ್ಯೆ.

ಮೊದಲು ಗೊಬ್ಬರ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ ಹಿಡಿಯುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ, ಎಂದರೆ ಸಿಪಿಸಿಆರ್‌ಐ, ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಹಟ್ಟಿಗೊಬ್ಬರ ಕೊಡಲು ಹೇಳುತ್ತದೆ. ಹಟ್ಟಿಗೊಬ್ಬರವೊಂದೇ ಆರೂವರೆ ಟನ್ ಆಯಿತು. ಕಾಸರಗೋಡು ಗಿಡ್ಡ ದನ ದಿನಕ್ಕೆ ಐದಾರು ಕಿಲೋ ಸಗಣಿ ಹಾಕುತ್ತದೆ. ಎರಡು ದನದ ಸಗಣಿ, ಗಂಜಲ, ಕಾಲಡಿಗೆ ಹಾಕುವ ಹತ್ತು ಕಿಲೋ ತರಗೆಲೆ ಸೇರಿ ದಿನಕ್ಕೆ ಸುಮಾರು 25 ಕಿಲೋ. ವರ್ಷಕ್ಕೆ ಒಂಬತ್ತು ಟನ್ ಆಗುತ್ತದೆ, ಆದರೆ ಕಳಿತ ಮೇಲೆ ಅರ್ಧಕ್ಕೆ ಇಳಿದು ನಾಲ್ಕು ಟನ್ ಚಿಲ್ಲರೆ ಉಳಿಯುತ್ತದೆ. ಮುನ್ನೂರು ಚಿಲ್ಲರೆ ಮರಕ್ಕೆ ಸಾಕು. ಈ ವರ್ಷ ಅರ್ಧ ತೋಟ, ಬರುವ ವರ್ಷ ಉಳಿದರ್ಧ. ಮಿಕ್ಕಿದ್ದು ಕರಿಮೆಣಸಿನ ಬಳ್ಳಿಗೆ, ತರಕಾರಿ ಸಾಲಿಗೆ. ಹಿಂದಿನವರು ಮಾಡುತ್ತಿದ್ದದ್ದೂ ಹೀಗೆಯೇ. ಆದರೆ ಇದು ದನ ಹೆಚ್ಚು ಹೊತ್ತು ಹಟ್ಟಿಯಲ್ಲೇ ಇರುವ ಮನೆಯ ಲೆಕ್ಕ. ಹಗಲಿಡೀ ಗುಡ್ಡೆಗೆ ಬಿಟ್ಟರೆ ಮೂರರಲ್ಲೊಂದು ಪಾಲು ಸಗಣಿ ಗುಡ್ಡೆಯಲ್ಲೇ ಉಳಿಯುತ್ತದೆ.

"ಹಾಗಾದರೆ ಒಂದು ಜರ್ಸಿ ಕಟ್ಟಿದರೆ ಸಾಲದೇ? ಸಗಣಿಯೂ ಹೆಚ್ಚು, ಹಾಲೂ ಹೆಚ್ಚು" ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಸಗಣಿ ಹೆಚ್ಚು ನಿಜ. ಹುಲ್ಲೂ ಹಿಂಡಿಯೂ ಅಷ್ಟೇ ಹೆಚ್ಚು ಬೇಕು. ಮುಖ್ಯವಾಗಿ, ಒಂದೇ ದನ ಇದ್ದರೆ ಅದು ಬತ್ತಿದಾಗ ಮನೆಗೆ ಹಾಲಿಲ್ಲ. ಗಬ್ಬದ ಅವಧಿ ಸುಮಾರು 280 ದಿನ, ಕರು ಹಾಕುವ ಎರಡು ತಿಂಗಳ ಮೊದಲೇ ಹಾಲು ಬಿಡಿಸಬೇಕು. ಎರಡು ದನ ಇದ್ದು, ಒಂದಕ್ಕೂ ಇನ್ನೊಂದಕ್ಕೂ ಐದಾರು ತಿಂಗಳ ಅಂತರ ಇರುವ ಹಾಗೆ ಹೋರಿ ಕೊಡಿಸಿದರೆ ವರ್ಷವಿಡೀ ಮನೆಯಲ್ಲಿ ಮಜ್ಜಿಗೆ ಇರುತ್ತದೆ. ಊರ ದನ ಕರುವಿಗೆ ಬಿಟ್ಟು ಒಂದೆರಡು ಲೀಟರ್ ಕೊಡುತ್ತದೆ, ಅಷ್ಟೇ. ಸೊಸೈಟಿಗೆ ಹಾಲು ಹಾಕಿ ಬದುಕುವ ಯೋಚನೆ ಇದ್ದರೆ ಈ ಬರಹ ನಿಮಗಲ್ಲ. ಅದು ಬೇರೆಯೇ ಕೃಷಿ, ಬೇರೆಯೇ ಹಟ್ಟಿ.

ಗಿಡ್ಡ ದನಕ್ಕೆ ದೊಡ್ಡ ತಳಿಯ ಹೋರಿಯ ವೀರ್ಯದ ಇಂಜೆಕ್ಷನ್ ಕೊಡಿಸುವುದು ನಮ್ಮಲ್ಲಿ ಆಗಾಗ ನಡೆಯುವ ಅನಾಹುತ. ಒಂದು ಮೀಟರ್ ಎತ್ತರವೂ ಸರಿಯಾಗಿ ಇಲ್ಲದ ದನದ ಹೊಟ್ಟೆಯಲ್ಲಿ ದೊಡ್ಡ ಕರು ಬೆಳೆದರೆ ಹೆರಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಕೆಲವೊಮ್ಮೆ ಎರಡೂ ಉಳಿಯುವುದಿಲ್ಲ. ಅದೇ ತಳಿಯ ಹೋರಿ ಎಲ್ಲಿದೆ ಎಂದು ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಬದಿಯಡ್ಕದ ಹತ್ತಿರ ಬೇಳದಲ್ಲಿ ಈ ತಳಿಗೆಂದೇ ಪಶುಸಂಗೋಪನಾ ಇಲಾಖೆಯ ಫಾರ್ಮ್ ಇದೆ, ಅಲ್ಲಿ ಕೇಳಬಹುದು. ಬೆದೆ, ಎಂದರೆ ದನ ಹೋರಿ ಬಯಸುವ ಸಮಯ, 21 ದಿನಕ್ಕೊಮ್ಮೆ ಬರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಮನೆಯ ಮಕ್ಕಳ ಕೆಲಸ ಆಗಲಿ, ಅವರು ಮರೆಯುವುದಿಲ್ಲ.

ಇನ್ನು ಹಟ್ಟಿ. ಸಿಮೆಂಟ್ ನೆಲ ಹಾಕಿ ತೊಳೆಯುವ ಹಟ್ಟಿಯೋ, ಸೊಪ್ಪು ಹಾಕಿ ತುಳಿಸುವ ಹಟ್ಟಿಯೋ ಎಂದು ಮೊದಲೇ ತೀರ್ಮಾನ ಮಾಡಬೇಕು. ತೊಳೆಯುವ ಹಟ್ಟಿಯ ಆಸೆ ಹುಟ್ಟುವುದು ಗೋಬರ್ ಗ್ಯಾಸಿನಿಂದ. ಒಂದು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ 25 ಕಿಲೋ ಸಗಣಿ, ಅಷ್ಟೇ ನೀರು ಬೇಕು. ನಾಲ್ಕೈದು ಮಂದಿಯ ಅಡುಗೆಗೆ ಎರಡು ಘನಮೀಟರಿನದು ಬೇಕಾಗುತ್ತದೆ, ಎಂದರೆ 50 ಕಿಲೋ. ಎರಡು ಗಿಡ್ಡ ದನದ ಹನ್ನೆರಡು ಕಿಲೋದಲ್ಲಿ ಚಹಾ ಕಾಯಿಸಬಹುದು, ಇಡೀ ದಿನದ ಅಡುಗೆ ಆಗುವುದಿಲ್ಲ. ಆದ್ದರಿಂದ ಇಷ್ಟು ಸಣ್ಣ ಮನೆಗೆ ಸೊಪ್ಪಿನ ಹಟ್ಟಿಯೇ ಸರಿ ಎಂದು ನನ್ನ ಅಭಿಪ್ರಾಯ. ಗಂಜಲ ಪೂರ್ತಿ ಎಲೆಯಲ್ಲೇ ಹೀರಿಕೊಳ್ಳುತ್ತದೆ, ಸಾರಜನಕ ಮೋರಿಗೆ ಹರಿದು ಹೋಗುವುದಿಲ್ಲ.

ಸೊಪ್ಪಿನ ಹಟ್ಟಿ ಕೆಡುವುದು ಎರಡು ಕಾರಣಕ್ಕೆ. ಸೊಪ್ಪು ಕಡಿಮೆಯಾದರೆ ದನ ಕೆಸರಲ್ಲಿ ಮಲಗುತ್ತದೆ, ಮೊದಲು ಕಾಲಿನ ಗೊರಸು, ಆಮೇಲೆ ಕೆಚ್ಚಲು ಹಾಳಾಗುತ್ತದೆ. ಇಲ್ಲವೇ ಕಳಿಯದ ಎಲೆಯನ್ನೇ ತುಂಬಿದರೆ ಗೊಬ್ಬರ ತೆಗೆಯುವಾಗ ಚಾಪೆಯ ಹಾಗೆ ಪದರು ಪದರಾಗಿ ಎದ್ದು ಬರುತ್ತದೆ. ಗೇರಿನ ಎಲೆ, ಅಕೇಶಿಯಾ ಎಲೆ ಅಂಥವು. ಮೇಣ ಹಚ್ಚಿದಂತಿರುವ ಅವು ಬೇಗ ಕಳಿಯುವುದಿಲ್ಲ. ಕಾಲು ಭಾಗಕ್ಕಿಂತ ಹೆಚ್ಚು ಬೆರೆಸಬೇಡಿ. ಬೇಲಿಗೆ ನೆಟ್ಟ ಗ್ಲಿರಿಸಿಡಿಯಾ ಗೆಲ್ಲುಗಳನ್ನು ಮೇಲಿಂದ ಮೇಲೆ ಕಡಿದು ಹಾಕಿದರೆ ಉಳಿದ ಎಲೆಯೂ ಬೇಗ ಕರಗುತ್ತದೆ. ಮಳೆಗಾಲಕ್ಕೆ ಬೇಕಾದ ತರಗೆಲೆಯನ್ನು ಜನವರಿಯಿಂದ ಮಾರ್ಚ್ ಒಳಗೆ ಗುಡಿಸಿ, ಹಟ್ಟಿಗೆ ತಾಗಿದ ಮಾಡಿನಡಿ ತುಂಬಿಡಬೇಕು. ತೆಗೆಯುವಾಗ ಬರಿಗೈ ಹಾಕಬಾರದು; ಚೇಳು, ಕನ್ನಡಿ ಹಾವು ಬೆಚ್ಚಗಿನ ಎಲೆಯಡಿ ಇರುತ್ತವೆ. ಮೊದಲು ಕೋಲಿನಿಂದ ಕೆದಕಿ.

ಗೊಬ್ಬರ ತೋಟಕ್ಕೆ ಹೋಗುವುದು ಜೋರು ಮಳೆ ನಿಂತ ಮೇಲೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಜೂನಿಗೆ ಮೊದಲೇ ಹಾಕಿ ಮುಗಿಸಿದರೆ ಸತ್ವವೆಲ್ಲ ತೋಡಿನ ಪಾಲು.

ಮೇವಿನ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದು ಗಿಡ್ಡ ದನಕ್ಕೆ ದಿನಕ್ಕೆ ಹತ್ತು ಹನ್ನೆರಡು ಕಿಲೋ ಹಸಿ ಹುಲ್ಲು, ಎರಡು ಕಿಲೋ ಬೈಹುಲ್ಲು, ಅರ್ಧ ಕಿಲೋ ಹಿಂಡಿ. ಹಾಲು ಕೊಡುವಾಗ ಲೀಟರಿಗೆ 400 ಗ್ರಾಂನಂತೆ ಹಿಂಡಿ ಹೆಚ್ಚಿಸಿ. 20 ಗ್ರಾಂ ಲವಣ ಮಿಶ್ರಣವನ್ನು ಅಕ್ಕಚ್ಚಿಗೆ ಸೇರಿಸಿದರೆ ಬೆದೆ ಸರಿಯಾಗಿ ಬರುತ್ತದೆ. ನೇಪಿಯರ್ ಹುಲ್ಲು ಅಡಿಕೆಯ ನೆರಳಲ್ಲಿ ಸೊರಗುತ್ತದೆ. ತೋಟದ ಅಂಚಿನಲ್ಲಿ ಬಿಸಿಲು ಬೀಳುವ ಹತ್ತು ಸೆಂಟ್ಸ್ ಬಿಟ್ಟುಕೊಡಿ. ನೆಟ್ಟು 75 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 45 ದಿನಕ್ಕೊಮ್ಮೆ.

ಹಲಸಿನ ಕಾಲದಲ್ಲಿ ಮಾತ್ರ ಎಚ್ಚರ. ಮನೆಯಲ್ಲಿ ಹಣ್ಣು ಬಿಡಿಸುವ ದಿನ ರೆಚ್ಚೆ (ಸೊಳೆ ತೆಗೆದು ಉಳಿದ ಭಾಗ) ರಾಶಿ ಬೀಳುತ್ತದೆ, ಹಾಳು ಮಾಡುವುದೇಕೆಂದು ಪೂರ್ತಿ ದನಕ್ಕೆ ಸುರಿಯುತ್ತಾರೆ. ಹಣ್ಣಿನ ರೆಚ್ಚೆಯಲ್ಲಿ, ಸೊಳೆಯಲ್ಲಿ ಸಕ್ಕರೆ ತುಂಬ; ಹೊಟ್ಟೆಯೊಳಗೆ ಒಮ್ಮೆಲೇ ಹುಳಿಯಾಗುತ್ತದೆ. ದನ ಮೆಲುಕು ನಿಲ್ಲಿಸುತ್ತದೆ, ಹುಳಿವಾಸನೆಯ ನೀರು ಸಗಣಿ ಹಾಕುತ್ತದೆ, ನಿಂತಲ್ಲೇ ತೂಗಾಡುತ್ತದೆ. ಇಷ್ಟು ಕಂಡರೆ ಬೆಳಗಿನವರೆಗೆ ಕಾಯಬೇಡಿ, ಡಾಕ್ಟರರಿಗೆ ಫೋನು ಮಾಡಿ. ಬಾಯಿಗೆ ಎಣ್ಣೆ ಸುರಿಯಲು ಹೋದರೆ ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಅಪಾಯ. ಔತಣದಲ್ಲಿ ಮಿಕ್ಕಿದ ಅನ್ನವೂ ಹೀಗೆಯೇ ಮಾಡುತ್ತದೆ. ದಿನಕ್ಕೆ ಒಂದೆರಡು ಕಿಲೋ ರೆಚ್ಚೆಯಿಂದ ಶುರು ಮಾಡಿ, ಮೇಲೆ ಬೈಹುಲ್ಲು ಕೊಟ್ಟರೆ ತೊಂದರೆ ಇಲ್ಲ. ಮರಗೆಣಸಿನ ಹಸಿ ಎಲೆಯಲ್ಲಿ ಸಯನೈಡ್ ಅಂಶ ಇರುವುದರಿಂದ ಅದನ್ನು ಕೊಡಲೇಬಾರದು. ಗೆಣಸು ಕಿತ್ತ ದಿನ ಗಿಡಗಳನ್ನು ದನಕ್ಕೆ ನಿಲುಕದ ಕಡೆ ರಾಶಿ ಹಾಕಿ.

ಈಗ ಕೈಕೆಲಸಕ್ಕೆ ಬರೋಣ, ಏಕೆಂದರೆ ಹಟ್ಟಿಗೂ ಅದಕ್ಕೂ ನಂಟು ಇದೆ. ಅಡಿಕೆ ಮರ ವರ್ಷಕ್ಕೆ ಆರು ಸೋಗೆ ಉದುರಿಸುತ್ತದೆಂದು ಹಿಡಿದರೂ ಸೋಗೆಯೊಂದರ ಬುಡಕ್ಕೆ ಒಂದು ಹಾಳೆಯಂತೆ 550 ಮರಕ್ಕೆ 3300 ಹಾಳೆ. "ತಟ್ಟೆ ಮಾಡುವ ಮಿಷನ್ ಹಾಕಲೇ?" ಎಂದು ಕೇಳುವವರಿಗೆ ಬೇಡ ಎನ್ನುತ್ತೇನೆ. ಮಳೆಗಾಲದಲ್ಲಿ ಬಿದ್ದದ್ದಕ್ಕೆ ಬೂಸ್ಟು ಹಿಡಿಯುತ್ತದೆ, ತಟ್ಟೆಗೆ ಸಲ್ಲುವುದು ಡಿಸೆಂಬರಿನಿಂದ ಮೇವರೆಗೆ ಬಿದ್ದದ್ದು ಮಾತ್ರ. ಒಂದೆಕರೆಯ ಹಾಳೆಗೆ ಮಿಷನ್ ವರ್ಷದಲ್ಲಿ ಕೆಲವೇ ದಿನ ಓಡುತ್ತದೆ. ನೆರೆಯ ಐದಾರು ತೋಟದವರು ಸೇರಿದರೆ ಬೇರೆ ಮಾತು. ಒಂದು ಮನೆಗೆ ಹಾಳೆಯ ಒಳ್ಳೆಯ ಉಪಯೋಗ ಮೇವು. ಅದೇ ದಿನ ಬಿದ್ದ ಹಾಳೆಯ ಸೋಗೆ ತೆಗೆದು, ತೊಳೆದು, ಅರ್ಧ ಇಂಚಿನಷ್ಟು ಸಣ್ಣಗೆ ಕೊಚ್ಚಿ, ಹಿಂಡಿ ನೀರಿನಲ್ಲಿ ಕಲಸಿ ಕೊಟ್ಟರೆ ಬೈಹುಲ್ಲಿನ ಖರ್ಚು ಇಳಿಯುತ್ತದೆ. ಕೊಳೆರೋಗಕ್ಕೆ ಬೋರ್ಡೊ ಸಿಂಪಡಿಸಿದ ಮೇಲೆ ಬಿದ್ದದ್ದನ್ನು ಕೊಡಬೇಡಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಹಾಕಿದ ಆ ದ್ರಾವಣ ಅಡಿಕೆ ಗೊನೆಗೆ ಬೀಳುವಾಗ ಹಾಳೆಗೂ ಬಿದ್ದಿರುತ್ತದೆ, ತಾಮ್ರ ದನದ ಹೊಟ್ಟೆಗೆ ಹೋಗುತ್ತದೆ. ಆ ಹಾಳೆಗಳು ಮರದ ಬುಡಕ್ಕೆ ಮುಚ್ಚಿಗೆಯಾಗಲಿ.

ತೆಂಗಿನ ಮಡಲಿನ ಹಿಡಿಸೂಡಿ (ಕಡ್ಡಿ ಪೊರಕೆ) ಮಾತ್ರ ಪ್ರತಿ ಮನೆಯಲ್ಲೂ ಮಾಡಬೇಕೆಂಬುದು ನನ್ನ ಆಸೆ. ತಿಂಗಳಿಗೊಂದರಂತೆ ಮರ ಮಡಲು ಬೀಳಿಸುತ್ತದೆ, ಒಂದು ಮಡಲಲ್ಲಿ 200ರಿಂದ 250 ಗರಿ. ಎರಡು ಮಡಲಿಗೆ ಒಂದು ಹಿಡಿಸೂಡಿ. ಒಣಗಿ ಕಂದಾದ ಮಡಲಿನ ಕಡ್ಡಿ ಪಟಪಟನೆ ಮುರಿಯುತ್ತದೆ. ಇನ್ನೂ ಹಸಿರು ಹಳದಿ ಇರುವಾಗಲೇ ಗರಿ ಬಿಡಿಸಿ. ಗರಿಯ ಬುಡವನ್ನು ಎಡಗೈಯಲ್ಲಿ ಹಿಡಿದು ಕತ್ತಿಯ ಅಂಚನ್ನು ಕಡ್ಡಿಗೆ ಒತ್ತಿ ತುದಿಯವರೆಗೆ ಒಂದೇ ಎಳೆತಕ್ಕೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಅಲ್ಲೇ ಗಾಯವಾಗಿ, ಗುಡಿಸುವಾಗ ಅಲ್ಲೇ ಮುರಿಯುತ್ತದೆ. ಸುಲಿದ ಎಲೆ ಹಟ್ಟಿಗೆ. ಕಡ್ಡಿಯನ್ನು ಎರಡು ಮೂರು ಬಿಸಿಲು ಒಣಗಿಸಿ, ಬುಡ ಸಮ ಮಾಡಿ ನೆಲಕ್ಕೆ ಕುಟ್ಟಿ, ಬುಡದಿಂದ ನಾಲ್ಕು ಬೆರಳು ಮೇಲೆ ಹುರಿಹಗ್ಗದಿಂದ ಬಿಗಿಯಿರಿ. ಹಸಿ ಇರುವಾಗಲೇ ಕಟ್ಟಿದರೆ ಒಣಗಿ ಕುಗ್ಗಿ ಒಂದೊಂದೇ ಕಡ್ಡಿ ಜಾರುತ್ತದೆ. ಕಟ್ಟಿದ ಮೇಲೆ ಬುಡದ ನಡುವಿಗೆ ಹೆಬ್ಬೆರಳು ದಪ್ಪದ ಬೆಣೆಯೊಂದನ್ನು ಹೊಡೆಯಬೇಕು. ಸಡಿಲವಾದಾಗ ಬೆಣೆಗೆ ಇನ್ನೊಂದು ಪೆಟ್ಟು ಕೊಟ್ಟರೆ ಮತ್ತೆ ಗಟ್ಟಿ. ಕೂತು ಮಾಡುವ ಕೆಲಸ, ಮನೆಯ ಅಜ್ಜ ಅಜ್ಜಿಯಂದಿರು ಸಂಜೆ ಜಗಲಿಯಲ್ಲಿ ಮಾಡುತ್ತಾರೆ, ಮಕ್ಕಳು ಪಕ್ಕದಲ್ಲಿ ಕೂತು ಕಲಿಯುತ್ತಾರೆ.

ದಿನದ ಹೊತ್ತಿನ ಲೆಕ್ಕ ಹೀಗೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಹಟ್ಟಿ. ಹುಲ್ಲು, ಸೊಪ್ಪಿಗೆ ಒಂದು ಗಂಟೆ. ಹಾಲು ಕರೆಯುವ ಮೊದಲು ಕರು ಬಿಟ್ಟು ಸೊರೆಸಿ, ಕೆಚ್ಚಲನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ, ಮೊದಲ ಎರಡು ಮೂರು ಹಿಂಡು ಕಪ್ಪು ತೆಂಗಿನ ಗೆರಟೆಗೆ ಹಿಂಡಿ ನೋಡಿ. ಕಪ್ಪು ಹಿನ್ನೆಲೆಯಲ್ಲಿ ಹಾಲಿನ ಗಂಟು ಕಣ್ಣಿಗೆ ಬೀಳುತ್ತದೆ. ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಎಂದರ್ಥ. ಹೊಸ ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣುಹಾಲು ಸಿಗಬೇಕು, ಹತ್ತನೆಯ ದಿನಕ್ಕೆ ಜಂತುಹುಳದ ಮದ್ದು, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

ಎಲ್ಲ ಕೇಳಿದ ಮೇಲೆ ಹೆಚ್ಚಿನವರು ತಗ್ಗಿದ ದನಿಯಲ್ಲಿ ಇನ್ನೊಂದು ಕೇಳುತ್ತಾರೆ: ಮದುವೆ, ಪೂಜೆ ಎಂದು ಮನೆಯವರೆಲ್ಲ ಹೊರಡಬೇಕಾದರೆ? ಹದಿನೈದು ಲೀಟರಿನ ದನವನ್ನು ಒಂದು ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಕಲ್ಲಾಗುತ್ತದೆ. ಊರ ದನಕ್ಕೆ ಆ ಕಷ್ಟ ಇಲ್ಲ. ಕರು ಎರಡು ತಿಂಗಳು ದಾಟಿದ್ದರೆ ಬೆಳಿಗ್ಗೆ ಕರೆದು, ತಾಯಿಯ ಜೊತೆಗೇ ಬಿಡಿ. ಸಂಜೆಯ ಹಾಲು ಅದೇ ಕುಡಿದು ಮುಗಿಸುತ್ತದೆ. ಎರಡು ಹೊತ್ತಿನ ಬೈಹುಲ್ಲು ಗೋದಲಿಯಲ್ಲಿ, 25 ಲೀಟರಿನಂತೆ ನೀರು ಬಾನಿಯಲ್ಲಿ ಇಟ್ಟು, ಹಿಂಡಿ ಚೀಲವನ್ನು ಒಳಕೋಣೆಗೆ ಸಾಗಿಸಿ ಬಾಗಿಲು ಹಾಕಿ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೊರಡಿ. ಮೂರನೆಯ ದನ ಕಟ್ಟುವ ಯೋಚನೆ ಬಂದಾಗ, ಆ ಪಕ್ಕದ ಮನೆಯವರು ಒಪ್ಪುತ್ತಾರೋ ಎಂದು ಮೊದಲು ಕೇಳಿ ನೋಡಿ.