ಕೈ ಕೆಸರಾಗದೆ ಬಾಯಿ ಮೊಸರು: ಡ್ರ್ಯಾಗನ್ ಏಜ್‌ನ ರಕ್ತಮಂತ್ರ

ಡ್ರ್ಯಾಗನ್ ಏಜ್: ಒರಿಜಿನ್ಸ್ (2009) ಎಂಬ ವಿಡಿಯೊ ಗೇಮ್‌ನಲ್ಲಿ ನೀವು ಆಡಿಸುವ ಮಾಂತ್ರಿಕ ಏಳನೇ ಲೆವೆಲ್ ಮುಟ್ಟಿದಾಗ ಒಂದು ಸ್ಪೆಷಲೈಸೇಶನ್ ಪಾಯಿಂಟ್, ಅಂದರೆ ಒಂದು ವಿಶೇಷ ವಿದ್ಯೆ ಆರಿಸಿಕೊಳ್ಳುವ ಅವಕಾಶ, ಸಿಗುತ್ತದೆ. ಪಟ್ಟಿಯಲ್ಲಿ ಬ್ಲಡ್ ಮೇಜ್ (ರಕ್ತಮಾಂತ್ರಿಕ) ಅನ್ನುವುದೂ ಇದೆ, ಆದರೆ ಅದಕ್ಕೆ ಬೀಗ. ಬೀಗದ ಕೈ ಇರುವುದು ರೆಡ್‌ಕ್ಲಿಫ್ ಕೋಟೆಯಲ್ಲಿ, ಕಾನರ್ ಎಂಬ ಹುಡುಗನ ಮೈಮೇಲೆ ಬಂದಿರುವ ದೆವ್ವದ ಹತ್ತಿರ. ಫೇಡ್ ಎಂಬ ಸ್ವಪ್ನಲೋಕಕ್ಕೆ ಹೋದ ಮಾಂತ್ರಿಕ ಅದರ ಜೊತೆ ಹೋರಾಡುವ ಬದಲು ಚೌಕಾಸಿಗೆ ಕೂತರೆ ವಿದ್ಯೆ ಸಿಗುತ್ತದೆ. ದೆವ್ವ ಸದ್ಯಕ್ಕೆ ಬಿಟ್ಟುಹೋಗುತ್ತದೆ, ಮುಂದೊಂದು ದಿನ ಬಂದು ಹುಡುಗನನ್ನು ವಸೂಲಿ ಮಾಡಿಕೊಳ್ಳುತ್ತದೆ. ಮನೆಯವರಿಗೆ ಮಾತ್ರ ಮಗ ಹುಷಾರಾದ ಅನ್ನುವ ನಂಬಿಕೆ.

ಬೇರೆ ಯಾವ ಆಟದಲ್ಲೂ ನಿಷಿದ್ಧ ವಿದ್ಯೆಗೆ ಇಷ್ಟು ಒಳ್ಳೆಯ ಬೆಲೆಚೀಟಿ ಅಂಟಿಸಿದ್ದನ್ನು ಕಾಣುವುದು ಕಷ್ಟ. ಆದರೆ ಸ್ಪೆಷಲೈಸೇಶನ್ ಬೀಗ ತೆರೆದ ದಾಖಲೆ ಆಟ ನಿಲ್ಲಿಸಿದ ಜಾಗವನ್ನು ಕಾಪಿಡುವ ಸೇವ್ ಫೈಲ್‌ನಲ್ಲಿ ಉಳಿಯುವುದಿಲ್ಲ, ಆಟಗಾರನ ಪ್ರೊಫೈಲ್‌ನಲ್ಲಿ ಉಳಿಯುತ್ತದೆ. ಹಾಗಾಗಿ ಹಳೆಯ ಆಟಗಾರರಿಗೆಲ್ಲ ಬಾಯಿಪಾಠವಾಗಿರುವ ಕ್ರಮ ಹೀಗೆ: ದೆವ್ವದ ಎದುರು ನಿಲ್ಲುವ ಮೊದಲು ಸೇವ್ ಮಾಡು, ಒಪ್ಪಂದ ಮಾಡಿಕೋ, ಬೀಗ ತೆರೆದ ಸೂಚನೆ ಬರಲಿ, ಹಳೆಯ ಸೇವ್ ಲೋಡ್ ಮಾಡು, ಈಗ ದೆವ್ವವನ್ನು ಕೊಲ್ಲು. ಹುಡುಗನೂ ಉಳಿದ, ವಿದ್ಯೆಯೂ ಕೈಸೇರಿತು. ಕೈ ಕೆಸರಾಗದೆ ಬಾಯಿ ಮೊಸರು. ಇದನ್ನು ಜಾಣತನ ಅನ್ನುವವರಿದ್ದಾರೆ, ಇರಲಿ. ನನಗೆ ಕಾಣುವುದು ಬರಹಗಾರ ಹಾಕಿದ ಬೆಲೆಯನ್ನು ಪ್ರೋಗ್ರಾಂ ಮಾಫಿ ಮಾಡಿರುವುದು.

ಆ ಲೋಕದಲ್ಲಿ ರಕ್ತಮಂತ್ರ ಯಾಕೆ ನಿಷಿದ್ಧ ಅನ್ನುವುದಕ್ಕೆ ಕಥೆ ಗಟ್ಟಿ ಕಾರಣಗಳನ್ನೇ ಕೊಡುತ್ತದೆ. ಇನ್ನೊಬ್ಬರ ರಕ್ತವನ್ನು ಇಂಧನ ಮಾಡಿಕೊಳ್ಳಬಹುದು, ಇನ್ನೊಬ್ಬರ ಮನಸ್ಸಿನೊಳಗೆ ಕೈಹಾಕಿ ಕುಣಿಸಬಹುದು. ಟೆವಿಂಟರ್ ಸಾಮ್ರಾಜ್ಯದ ಮಾಂತ್ರಿಕ ಒಡೆಯರು ಎರಡನ್ನೂ ಮಾಡಿದವರು. ಆ ಭಯದಿಂದಲೇ ಚಾಂಟ್ರಿ ಎಂಬ ಧರ್ಮಸಂಸ್ಥೆ ಮಾಂತ್ರಿಕರನ್ನು ಗೋಪುರಗಳಲ್ಲಿ ಕೂಡಿಹಾಕಿ ಟೆಂಪ್ಲರ್ ಸೈನಿಕರ ಕಾವಲಿಗೆ ಒಪ್ಪಿಸಿದೆ. ತಮಾಷೆಯೆಂದರೆ ಆ ಕಾವಲೂ ನಿಂತಿರುವುದು ರಕ್ತದ ಮೇಲೆಯೇ. ಪ್ರತಿ ಶಿಷ್ಯನ ರಕ್ತವನ್ನು ಒಂದು ಶೀಷೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಹೆಸರು ಫೈಲ್ಯಾಕ್ಟರಿ. ಓಡಿಹೋದವನ ಜಾಡು ಹಿಡಿಯುವುದು ಅದರಿಂದಲೇ. ಮಾಂತ್ರಿಕನಾಗಿ ಆಟ ಶುರು ಮಾಡಿದರೆ ಜೋವನ್ ಎಂಬ ಗೆಳೆಯ ತನ್ನ ಶೀಷೆ ಒಡೆಯಲು ನಿಮ್ಮ ಸಹಾಯ ಕೇಳುತ್ತಾನೆ. ಕೊನೆಗೆ ಸಿಕ್ಕಿಬಿದ್ದಾಗ ಚಾಕುವಿನಿಂದ ಅಂಗೈ ಕುಯ್ದುಕೊಂಡು ಎಲ್ಲರನ್ನೂ ಕೆಡವಿ ಪರಾರಿಯಾಗುತ್ತಾನೆ. ಅವನ ಮೇಲಿನ ಅನುಮಾನ ನಿಜ, ಅವನ ಭಯವೂ ನಿಜ. ಆ ಮೊದಲ ಎರಡು ಗಂಟೆಯ ಬರವಣಿಗೆಗೆ ಸಾಟಿಯಿಲ್ಲ.

ಇನ್ನು ಬಿಲ್ಡ್, ಅಂದರೆ ಪಾತ್ರವನ್ನು ಬೆಳೆಸುವ ವಿಚಾರ. ಸ್ಪೆಷಲೈಸೇಶನ್ ತೆಗೆದುಕೊಂಡ ಕೂಡಲೇ ಕಾನ್‌ಸ್ಟಿಟ್ಯೂಶನ್ (ದೇಹಬಲ) 2, ಸ್ಪೆಲ್‌ಪವರ್ (ಮಂತ್ರಬಲ) 2 ಏರುತ್ತದೆ. ಮೊದಲ ಮಂತ್ರ ಬ್ಲಡ್ ಮ್ಯಾಜಿಕ್ ಒಂದು ಸ್ವಿಚ್ ಇದ್ದಂತೆ. ಆನ್ ಇರುವಷ್ಟು ಹೊತ್ತು ಮಂತ್ರಗಳಿಗೆ ಮ್ಯಾನಾ ಎಂಬ ಮಂತ್ರಶಕ್ತಿಯ ಬದಲು ಹೆಲ್ತ್, ಅಂದರೆ ಸ್ವಂತ ಜೀವ, ಖರ್ಚಾಗುತ್ತದೆ. ಹೊಸಬರು ಎಡವುವುದು ಇಲ್ಲೇ: ಕಾಳಗ ಶುರುವಾದ ಕೂಡಲೇ ಆನ್ ಮಾಡಿ ಮರೆತುಬಿಡುತ್ತಾರೆ. ಮೊದಲು ಮ್ಯಾನಾ ಬಳಸಿ, ಅದು ತಳ ಕಾಣುವಾಗ ಸ್ವಿಚ್ ಹಾಕಿ. ಲೆವೆಲ್‌ಗೆ ಸಿಗುವ ಮೂರು ಪಾಯಿಂಟ್‌ಗಳಲ್ಲಿ ಎರಡು ಮ್ಯಾಜಿಕ್‌ಗೆ, ಒಂದು ಕಾನ್‌ಸ್ಟಿಟ್ಯೂಶನ್‌ಗೆ ಹೋಗಲಿ. ವಿಲ್‌ಪವರ್ ಒಂದು ಪಾಯಿಂಟ್‌ಗೆ 5 ಮ್ಯಾನಾ ಕೊಟ್ಟರೆ ಕಾನ್‌ಸ್ಟಿಟ್ಯೂಶನ್ 5 ಹೆಲ್ತ್ ಕೊಡುತ್ತದೆ, ನಿಮಗೆ ಎರಡನೆಯದೇ ಇಂಧನ.

ಸ್ವಿಚ್ ಆನ್ ಇದ್ದಾಗ ವಾಸಿಯಾಗುವುದು ತೀರಾ ಕಡಿಮೆ. ತಂಡದಲ್ಲಿ ಗಾಯ ವಾಸಿಮಾಡುವ ಮಾಂತ್ರಿಕೆ ವಿನ್ ಎಷ್ಟು ಹೀಲ್ ಹಾಕಿದರೂ, ನೀವು ಎಷ್ಟು ಮುಲಾಮು ಖರ್ಚು ಮಾಡಿದರೂ ಕೆಂಪು ಪಟ್ಟಿ ಸ್ವಲ್ಪವೇ ಏರುತ್ತದೆ. ಎರಡನೇ ಮಂತ್ರ ಬ್ಲಡ್ ಸ್ಯಾಕ್ರಿಫೈಸ್‌ಗೆ ಮಾತ್ರ ಈ ಕಡಿತ ಇಲ್ಲ. ಅದು ಪಕ್ಕದಲ್ಲಿರುವ ಸ್ವಂತ ಸಂಗಾತಿಯ ಜೀವ ಹೀರಿ ನಿಮಗೆ ತುಂಬುತ್ತದೆ. ಗೆಳತಿ ಪ್ರೀತಿಯಿಂದ ಕೊಟ್ಟದ್ದು ಮೈಗೆ ಹತ್ತುವುದಿಲ್ಲ, ಕಿತ್ತುಕೊಂಡದ್ದು ಪೂರ್ತಿ ಹತ್ತುತ್ತದೆ. ಒಂದು ಸಾಲಿನ ಸಂಭಾಷಣೆಯೂ ಇಲ್ಲದೆ ರಕ್ತಮಂತ್ರದ ನೀಚತನವನ್ನು ಅಂಕಿಯಲ್ಲೇ ಹೇಳಿದ ಜಾಗ ಇದು.

ಹೇಳಿ ಸುಮ್ಮನಾಗಿಬಿಡುತ್ತದೆ, ಅದೇ ಬೇಜಾರು. ಸಂಗಾತಿ ಅಲಿಸ್ಟರ್‌ನನ್ನು ಹೀರಿ ನೆಲಕ್ಕೆ ಕೆಡವಿದರೂ ಅವನ ಅಪ್ರೂವಲ್, ಅಂದರೆ ನಿಮ್ಮ ಮೇಲಿನ ಮೆಚ್ಚುಗೆಯ ಲೆಕ್ಕ, ಒಂದು ಅಂಕ ಕದಲುವುದಿಲ್ಲ. ಕಾಳಗ ಮುಗಿದ ಮೇಲೆ ಒಂದು ಗಾಯದೊಂದಿಗೆ ಎದ್ದು ನಿಲ್ಲುತ್ತಾನೆ, ಇಂಜುರಿ ಕಿಟ್ ಹಾಕಿದರೆ ಅದೂ ಹೋಯಿತು. ಬಡಪಾಯಿಗೆ ನಾಲ್ಕು ಕಾಸು ಕೊಟ್ಟರೆ ಮುಖ ಸಿಂಡರಿಸುವ ಇನ್ನೊಬ್ಬ ಸಂಗಾತಿ ಮಾರಿಗನ್‌ಗಾಗಲಿ, ಗೋಪುರದಲ್ಲೇ ಬಾಳಿದ ವಿನ್‌ಗಾಗಲಿ ನೀವು ಮಾಡಿದ್ದು ಕಣ್ಣಿಗೇ ಬೀಳುವುದಿಲ್ಲ. ಮೂರನೆಯದಾದ ಬ್ಲಡ್ ವೂಂಡ್ ಗುಂಪಿಗೆ ಗುಂಪನ್ನೇ ನಿಂತಲ್ಲೇ ನಡುಗಿಸಿ ಕಟ್ಟಿಹಾಕುತ್ತದೆ. ರಕ್ತವಿಲ್ಲದ ಜೀವಿಗಳ ಮೇಲೆ ನಡೆಯುವುದಿಲ್ಲ. ನಾಲ್ಕನೆಯದು ಶತ್ರುವಿನ ಮನಸ್ಸನ್ನೇ ಹಿಡಿಯುವ ಬ್ಲಡ್ ಕಂಟ್ರೋಲ್, ಚಾಂಟ್ರಿ ಹೆದರಿದ್ದೇ ಇದಕ್ಕೆ. ಆಟದಲ್ಲಿ ಅದು ಬರೀ ಇನ್ನೊಂದು ಬಟನ್.

ಕಾನರ್ ಕ್ವೆಸ್ಟ್‌ನಲ್ಲೂ ಇದೇ ಸಡಿಲ. ದಾರಿ ಮೂರು. ಹುಡುಗನನ್ನು ಕೊಲ್ಲುವುದು, ತಾಯಿ ಇಸೋಲ್ಡ್ ತಾನಾಗಿ ಕೊಡಲು ಮುಂದಾದ ಪ್ರಾಣವನ್ನು ಬಳಸಿ ಪರಾರಿಯಾಗಿ ಈಗ ಇದೇ ಕೋಟೆಯಲ್ಲಿರುವ ಜೋವನ್ ರಕ್ತಮಂತ್ರದಿಂದ ಒಬ್ಬ ಮಾಂತ್ರಿಕನನ್ನು ಫೇಡ್‌ಗೆ ಕಳಿಸುವುದು, ಇಲ್ಲವೇ ಸರೋವರದ ಗೋಪುರಕ್ಕೆ ಹೋಗಿ ಮಾಂತ್ರಿಕರನ್ನೂ ಲಿರಿಯಮ್ ಎಂಬ ಮಾಂತ್ರಿಕ ಖನಿಜವನ್ನೂ ತರುವುದು. ಮೊದಲೆರಡಕ್ಕೆ ಅಲಿಸ್ಟರ್ ಕ್ಯಾಂಪಿನಲ್ಲಿ ಬಂದು ಸರಿಯಾಗಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಮೂರನೆಯದಕ್ಕೆ ಗೋಪುರದ ಮಾಂತ್ರಿಕರನ್ನು ನೀವು ಉಳಿಸಿರಬೇಕು, ಅಷ್ಟೇ. ನೀವು ದೂರ ಹೋಗಿ ಬರುವವರೆಗೆ ದೆವ್ವ ಕೈಕಟ್ಟಿ ಕಾಯುತ್ತದೆ, ಒಬ್ಬ ಸೇವಕನೂ ಸಾಯುವುದಿಲ್ಲ. ಆಟಕ್ಕೆ ಕಾಲದ ಬೆಲೆ ಕಟ್ಟಲು ಬರುವುದಿಲ್ಲವೇ ಅಂದರೆ, ಚೆನ್ನಾಗಿಯೇ ಬರುತ್ತದೆ. ಅದೇ ರೆಡ್‌ಕ್ಲಿಫ್ ಹಳ್ಳಿಯನ್ನು ರಾತ್ರಿಯ ದಾಳಿಗೆ ಮೊದಲು ಕೈಬಿಟ್ಟು ಹೋದರೆ, ವಾಪಸ್ ಬರುವಷ್ಟರಲ್ಲಿ ಊರು ಸ್ಮಶಾನ. ಹಳ್ಳಿಗೆ ಹಾಕಿದ ಆ ಲೆಕ್ಕವನ್ನು ಕೋಟೆಗೂ ಹಾಕಿದ್ದರೆ ಮೂರನೇ ದಾರಿ ಪುಕ್ಕಟೆಯಾಗುತ್ತಿರಲಿಲ್ಲ.

ನಿಷೇಧವನ್ನು ಆಟದ ನಿಯಮವಾಗಿಯೇ ಜಾರಿ ಮಾಡಿದ್ದು ಡ್ರ್ಯಾಗನ್ ಏಜ್ ಮಾಡಿದ ಅದೇ ಬಯೋವೇರ್ ಕಂಪನಿಯ ಬಾಲ್ಡರ್ಸ್ ಗೇಟ್ 2 (2000). ಅಥ್‌ಕಾಟ್ಲಾ ನಗರದ ಬೀದಿಯಲ್ಲಿ ಲೈಸೆನ್ಸ್ ಇಲ್ಲದೆ ಮಾಂತ್ರಿಕ ಮಂತ್ರ ಹಾಕಿದರೆ ಕೌಲ್ಡ್ ವಿಝರ್ಡ್ಸ್ ಎಂಬ ಮಾಂತ್ರಿಕ ಕಾವಲುಗಾರರು ಪ್ರತ್ಯಕ್ಷ. ಮೊದಲ ಸಲ ಎಚ್ಚರಿಕೆ, ಆಮೇಲೆ ಜಗಳ. ಪುರೋಹಿತರ ಮಂತ್ರಕ್ಕೆ ಅಡ್ಡಿಯಿಲ್ಲ, ಮನೆಯೊಳಗೆ ಹಾಕಿದರೆ ಕೇಳುವವರಿಲ್ಲ. ಸರ್ಕಾರಿ ಕಟ್ಟಡದಲ್ಲಿ 5,000 ಚಿನ್ನ ಕಟ್ಟಿದರೆ ಲೈಸೆನ್ಸ್. ಆ ಹೊತ್ತಿಗೆ ನೀವು 20,000 ಕೂಡಿಹಾಕುತ್ತಿರುತ್ತೀರಿ, ಅದೂ ಇದೇ ವಿಝರ್ಡ್‌ಗಳು ಹಿಡಿದೊಯ್ದ ನಿಮ್ಮ ಬಾಲ್ಯದ ಗೆಳತಿ ಇಮೋಯೆನ್‌ನ ಜಾಡು ಹಿಡಿಯಲು. ಅವಳ ತಪ್ಪು ಬೀದಿಯಲ್ಲಿ ಮಂತ್ರ ಹಾಕಿದ್ದು. ಅವಳನ್ನು ಹಿಡಿದವರ ಗಲ್ಲಾಪೆಟ್ಟಿಗೆಗೇ ಐದು ಸಾವಿರ ಸುರಿದು ರಸೀದಿ ಪಡೆಯುವಾಗ ಹೊಟ್ಟೆ ಉರಿಯದವರು ಯಾರು?

ಡ್ರ್ಯಾಗನ್ ಏಜ್ 2 (2011) ತಪ್ಪನ್ನು ತಿದ್ದಲಿಲ್ಲ, ದೊಡ್ಡದು ಮಾಡಿತು. ಸಂಗಾತಿ ಮೆರಿಲ್ ರಕ್ತಮಂತ್ರ ಬಳಸುತ್ತಾಳೆ ಎಂದು ಜೊತೆಗಾರರಾದ ಫೆನ್ರಿಸ್, ಆಂಡರ್ಸ್ ಇಬ್ಬರೂ ದಾರಿಯುದ್ದಕ್ಕೂ ಅವಳನ್ನು ಕುಟುಕುತ್ತಾರೆ. ಪಕ್ಕದಲ್ಲೇ ನಡೆಯುವ ಹಾಕ್, ಅಂದರೆ ಆಟಗಾರನ ಪಾತ್ರ, ಅದನ್ನೇ ಬಳಸುತ್ತಿದ್ದರೂ ಇಬ್ಬರದ್ದೂ ತುಟಿಪಿಟಕ್ಕಿಲ್ಲ. ಸರಣಿಯ ಮೂರನೇ ಆಟ ಇನ್‌ಕ್ವಿಸಿಶನ್‌ನಲ್ಲಿ (2014) ಆಟಗಾರನಿಗೆ ಆ ವಿದ್ಯೆಯನ್ನೇ ಕೊಡಲಿಲ್ಲ.

ಒರಿಜಿನ್ಸ್ ಅನ್ನು ಈಗ ಆಡುವವರು ಬೆಲೆಯನ್ನು ತಾವೇ ಹಾಕಿಕೊಳ್ಳಬೇಕು. ದೆವ್ವದ ಜೊತೆ ಒಪ್ಪಂದವಾದ ಕೂಡಲೇ ಹೊಸ ಸೇವ್ ಮಾಡಿ ಹಿಂದಿನವನ್ನು ಅಳಿಸಿ. ಬ್ಲಡ್ ಸ್ಯಾಕ್ರಿಫೈಸ್‌ನಿಂದ ಸಂಗಾತಿ ಬಿದ್ದರೆ ಆ ಗಾಯಕ್ಕೆ ಕಿಟ್ ಹಾಕಬೇಡಿ, ಕ್ಯಾಂಪಿಗೆ ಹೋಗುವವರೆಗೆ ಕುಂಟಿಕೊಂಡೇ ಬರಲಿ. ಅಷ್ಟಾದರೂ ಒಂದು ಸೋರಿಕೆ ಉಳಿಯುತ್ತದೆ. ಮುಂದಿನ ಸಲ ಬೇರೊಬ್ಬ ಮಾಂತ್ರಿಕನನ್ನು ಸೃಷ್ಟಿಸಿ ಏಳನೇ ಲೆವೆಲ್‌ಗೆ ತಂದಾಗ, ಅವನಿನ್ನೂ ರೆಡ್‌ಕ್ಲಿಫ್‌ಗೆ ಕಾಲಿಟ್ಟಿರದಿದ್ದರೂ, ಪಟ್ಟಿಯಲ್ಲಿ ಬ್ಲಡ್ ಮೇಜ್ ಬೀಗ ತೆರೆದುಕೊಂಡೇ ಕೂತಿರುತ್ತದೆ.