ಎರಡು ಕೋಲು, ಒಂದು ಹಗ್ಗ, ಮರವಂತೆಯ ಕಡಲು

ನಮ್ಮ ಭೂಗೋಳದ ಮಾಷ್ಟ್ರು ತೀರಿಕೊಂಡ ಸುದ್ದಿ ಈ ಮಳೆಗಾಲದಲ್ಲಿ ಬಂತು. ಪಠ್ಯದಲ್ಲಿ ಏನಿತ್ತೋ ಒಂದೂ ನೆನಪಿಲ್ಲ. ಅವರು ಕೇಳಿದ ಪ್ರಶ್ನೆ ಮಾತ್ರ ಕಿವಿಯಲ್ಲಿ ಉಳಿದಿದೆ: "ಸೌಪರ್ಣಿಕಾ ಹೊಳೆ ಮರವಂತೆಗೆ ಕಡ್ಲ್ ಬಾಗ್ಲಿಗ್ ಬಂದ್, ಒಳ್ಗ್ ಹೋಗ್ದೆ ಗಂಗೊಳ್ಳಿಗ್ ತಿರ್ಗಿದ್ ಎಂತಕ್ಕೆ ಮಕ್ಳೆ?"

ಅಡ್ಡ ಬಿದ್ದಿರುವ ಹೊಯಿಗೆ ದಿಬ್ಬವೇ ಉತ್ತರ. ಘಟ್ಟದಿಂದ ಹೊಳೆಗಳು ತಂದ ಮರಳನ್ನು ಅಲೆಗಳು ದಡದುದ್ದಕ್ಕೂ ಎಳೆದಾಡಿ ದಿಬ್ಬ ಕಟ್ಟುತ್ತವೆ. ಬಯಲಿಗಿಳಿದ ಹೊಳೆಗೆ ಇಳಿಜಾರು ಸಾಲದು, ದಿಬ್ಬ ಒಡೆಯುವ ಬಲವಿಲ್ಲ. ಹಾಗಾಗಿ ಅದರ ಬೆನ್ನಿಗೇ ತೆಂಕಲಾಗಿ ಹರಿದು, ವಾರಾಹಿ, ಚಕ್ರಾ ಮುಂತಾದ ಹೊಳೆಗಳನ್ನು ಕೂಡಿಕೊಂಡು ಗಂಗೊಳ್ಳಿ ಅಳಿವೆಯಲ್ಲಿ ಕಡಲು ಸೇರುತ್ತದೆ. ಆ ದಿಬ್ಬದ ಮೇಲೆಯೇ ಹೆದ್ದಾರಿ ಓಡುತ್ತಿದೆ. ಆಗ ಅದರ ಸಂಖ್ಯೆ 17, ಈಗ 66.

ಮಾಷ್ಟ್ರು ಇದನ್ನು ಬರೀ ಹೇಳಿ ಬಿಡಲಿಲ್ಲ, ಅಳೆಯಿಸಿದರು. ಒಂದೂವರೆ ಮೀಟರಿನ ಎರಡು ಬಿದಿರ ಕೋಲು, ಸೆಂಟಿಮೀಟರಿಗೊಂದು ಬಣ್ಣದ ಗೆರೆ, ನಡುವೆ 2 ಮೀಟರಿನ ಹಗ್ಗ. ರಸ್ತೆಬದಿಯ ಮೈಲಿಗಲ್ಲಿನಿಂದ ನೀರಿನ ಕಡೆಗೆ ನೇರ ಗೆರೆಯಲ್ಲಿ ಹೋಗಬೇಕು. ಮುಂದಿನ ಕೋಲಿನ ತುದಿಯನ್ನೂ ಬಾನು ಕಡಲು ಕೂಡುವ ಗೆರೆಯನ್ನೂ ಒಂದೇ ಸಾಲಿಗೆ ತಂದು ನೋಡಿದರೆ, ಆ ದೃಷ್ಟಿ ಹಿಂದಿನ ಕೋಲನ್ನು ಎಲ್ಲಿ ಮುಟ್ಟುತ್ತದೋ, ತುದಿಯಿಂದ ಅಲ್ಲಿಯವರೆಗಿನ ಅಳತೆಯೇ ಇಳಿತ. 20 ಸೆಂ.ಮೀ. ಬಂದರೆ ಇಳಿಜಾರು 10ಕ್ಕೆ 1. ಮುಂದೆ ನೆಲ ಏರಿದ್ದರೆ ಲೆಕ್ಕ ತಿರುವುಮುರುವು: ಹಿಂದಿನ ಕೋಲಿನ ತುದಿಯಿಂದ ನೋಡಿ, ಮುಂದಿನ ಕೋಲಿನಲ್ಲಿ ಓದಬೇಕು. ಪ್ರತಿ ಅಳತೆಯನ್ನೂ ಹಿಂದಿನದಕ್ಕೆ ಕೂಡಿಸುತ್ತ (ಏರಾದರೆ ಕಳೆಯುತ್ತ) ಹೋದರೆ ದಡದ ಅಡ್ಡಸೀಳು ನಕ್ಷೆ ಸಿದ್ಧ. ಹಸಿ ಮರಳಲ್ಲಿ ಕೋಲು ಹೂತರೆ ಲೆಕ್ಕವೆಲ್ಲ ಕೆಡುತ್ತದೆ, ಅದಕ್ಕೇ ಬುಡಕ್ಕೆ ಹಲಗೆ ಚೂರು. ಕೋಲು ವಾಲಿದರೂ ತಪ್ಪು. ಕಡಲಿನ ನೀರು ಇಳಿದ ಹೊತ್ತಿಗೇ ಹೋಗಬೇಕು. ಮಂಜು ಮುಸುಕಿ ಬಾನಂಚು ಕಾಣದ ದಿನ ಹಿಂತಿರುಗಬೇಕು.

ಅಳತೆಯ ಗೆರೆಗೆ ನೆಟ್ಟಿದ್ದ ಗೂಟಗಳನ್ನು ನಾವು ಒಮ್ಮೆ ಕಿತ್ತು ಕ್ರಿಕೆಟ್ ಸ್ಟಂಪ್ ಮಾಡಿಕೊಂಡೆವು. ಮಾಷ್ಟ್ರು ಬೈಯಲಿಲ್ಲ. "ಮೈಲಿಗಲ್ಲ್ ಕಿತ್ತ್‌ಕಂಡ್ ಹೋಯ್ಲಿಲ್ಯಲ್ಲ" ಎಂದು ಅಲ್ಲಿಂದಲೇ ಪೂರ್ತಿ ಗೆರೆಯನ್ನು ಮತ್ತೆ ಹಾಕಿಸಿದರು. ಕದಲದ ಒಂದು ಗುರುತಿಲ್ಲದೆ ಯಾವ ಅಳತೆಯೂ ನಿಲ್ಲದು ಎನ್ನುವುದು ಬಿಸಿಲಲ್ಲಿ ನಿಂತು ಕಲಿತ ಪಾಠ.

ಬೇಸಿಗೆಯ ನಕ್ಷೆಯ ಮೇಲೆ ಮಳೆಗಾಲ ಮುಗಿದಾಗಿನ ನಕ್ಷೆ ಇಟ್ಟಾಗ ದಡದ ಮೇಲ್ಭಾಗವೇ ಮಾಯವಾಗಿತ್ತು. ಮಳೆಗಾಲದ ಕಡಿದಾದ ಅಲೆಗಳು ಒಂದರ ಬೆನ್ನಿಗೊಂದು ಬರುತ್ತವೆ, ನೆನೆದ ಮರಳು ನೀರು ಹೀರುವುದಿಲ್ಲ, ಹಿಂದಿರುಗುವ ನೀರು ಅದನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಡಿಯ ದಿಬ್ಬವಾಗಿ ಇಡುತ್ತದೆ. ಮಳೆ ಕಳೆದ ಮೇಲೆ ಉದ್ದನೆಯ ಸೌಮ್ಯ ಅಲೆಗಳು ಅದನ್ನೇ ಮೆಲ್ಲಗೆ ವಾಪಸ್ ತರುತ್ತವೆ. ಊರವರು ಕಡಲ್ಕೊರೆತ ಎನ್ನುವುದರಲ್ಲಿ ಒಂದು ಪಾಲು ಈ ಸಾಲ-ವಾಪಸಾತಿ. ವಾಪಸ್ ಬಾರದ ಪಾಲು ಎಷ್ಟು ಎಂಬುದೇ ನಿಜವಾದ ಪ್ರಶ್ನೆ.

ಆ ಪಾಲಿನಲ್ಲಿ ನಮ್ಮ ಕೈವಾಡವಿದೆ. ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಕಟ್ಟಿದಾಗ ಮೇಲಿನ ಮರಳು ಅಲ್ಲಿಯೇ ನಿಂತಿತು. ಅಳಿವೆಗಳಲ್ಲಿ ದೋಣಿ ತುಂಬ ಹೊಯಿಗೆ ಎತ್ತಿದ್ದು ಕಡಲಿನ ಪಾಲಿನಿಂದಲೇ. ತನ್ನಷ್ಟಕ್ಕೆ ಬಿಟ್ಟ ದಿಬ್ಬವಾದರೆ ದೊಡ್ಡ ಅಲೆ ಬಂದಾಗ ಮರಳನ್ನು ಹಿಂಬದಿಗೆ ಚೆಲ್ಲಿ, ತಾನೇ ಸ್ವಲ್ಪ ಹಿಂದೆ ಸರಿದು ಬದುಕುತ್ತದೆ. ಡಾಂಬರು ಹಾಕಿದ ದಿಬ್ಬ ಸರಿಯಲಾರದು. ಆಗ ಕಲ್ಲು ಸುರಿಯುತ್ತಾರೆ.

ಬರೀ ಸುರಿದ ಕಲ್ಲು ನಿಲ್ಲುವುದಿಲ್ಲ. ಅಲೆ ಗೋಡೆಗೆ ಬಡಿದು ಬುಡದ ಮರಳನ್ನು ಅಗೆಯುತ್ತದೆ, ಕಲ್ಲುಗಳ ಸಂದಿನಿಂದ ಹಿಂದಿನ ಮಣ್ಣು ಸೋರುತ್ತದೆ, ಗೋಡೆ ಕುಸಿಯುತ್ತದೆ. ಕೆಳಗೆ ಸೋಸುಬಟ್ಟೆ, ಅದರ ಮೇಲೆ ಸಣ್ಣ ಕಲ್ಲು, ಹೊರಗೆ ದೊಡ್ಡ ಬಂಡೆ, ಅಗೆತದ ಆಳಕ್ಕಿಂತ ಕೆಳಗೆ ಪಾದ: ಇಷ್ಟಾದರೆ ಗೋಡೆ ಉಳಿದೀತು. ಆದರೂ ಗೋಡೆ ಮುಗಿದಲ್ಲಿ, ಪಕ್ಕದ ಮನೆಯವರ ತೆಂಗಿನ ಬುಡದಲ್ಲಿ ಕೊರೆತ ಶುರು. ಮರವಂತೆಯಲ್ಲಿ ಆಮೇಲೆ ಕಡಲಿಗೆ ಚಾಚಿದ ಟಿ ಆಕಾರದ ಕಲ್ಲುದಂಡೆಗಳನ್ನು ಹಾಕಿದರು. ಅವುಗಳ ಮಧ್ಯೆ ಮರಳು ತಂಗುತ್ತದೆ, ಆದರೆ ತಂಗಿದಷ್ಟು ಮರಳು ಮುಂದಿನ ಊರಿಗೆ ಕಡಿಮೆ. ತಡೆಗೋಡೆಯ ನಕ್ಷೆ ಕೈಗೆ ಬಂದರೆ ಇವತ್ತು ನಾನು ಮೊದಲು ಅದರ ಎರಡು ಕೊನೆಗಳನ್ನೇ ನೋಡುತ್ತೇನೆ. ಹಲವು ಬಾರಿ ತಪ್ಪು ಅಲ್ಲಿಯೇ ಸಿಕ್ಕಿದೆ.

ಈಗ ತರಗತಿಯ ಪರದೆಯ ಮೇಲೆ ಅಲೆಗಳು ಚೆನ್ನಾಗಿ ಓಡುತ್ತವೆ. ಕಡಲ ಸದ್ದು ಕೇಳುವಷ್ಟು ಹತ್ತಿರದ ಶಾಲೆಯ ಮಕ್ಕಳು ಅಲೆಯನ್ನು ಪರದೆಯಲ್ಲಿ ನೋಡಿ ಅಂಕ ಪಡೆಯುವುದು ನನಗೆ ನೋವಿನ ವಿಷಯ. ಮೇ ಮೊದಲ ವಾರದಲ್ಲೊಮ್ಮೆ, ನವರಾತ್ರಿ ಕಳೆದ ಮೇಲೊಮ್ಮೆ, ಅದೇ ಮೈಲಿಗಲ್ಲಿನಿಂದ ಅಳೆಯಿರಿ. ಕೋಲು, ಹಗ್ಗ ನಾನು ಕಳುಹಿಸುತ್ತೇನೆ.